ಬುಕಿಂಗ್ ಇಲ್ಲದೆ ಅಮೆರಿಕದ ಪಶ್ಚಿಮದಲ್ಲಿ ಟೆಂಟ್ ಹಾಕಬಹುದೇ? ಯಾವುದು ನಿಜ, ಯಾವುದು ಸುಳ್ಳು?

ಅಮೆರಿಕದಲ್ಲಿ ಶಾಲೆಗಳಿಗೆ ರಜೆ ಬಿಡುವ ಜೂನ್ ಹೊತ್ತಿಗೆ ಕ್ಯಾಲಿಫೋರ್ನಿಯಾ, ಯೂಟಾ, ಅರಿಜೋನಾ ಕಡೆಗೆ ಕಾರಿನಲ್ಲಿ ಹೊರಡುವವರಿಗೆ ಸಲಹೆಗಳ ಸುರಿಮಳೆಯೇ ಆಗುತ್ತದೆ. ಅವುಗಳಲ್ಲಿ ಎರಡು ಮಾತು ಮತ್ತೆ ಮತ್ತೆ ಕೇಳಿಬರುತ್ತವೆ. ಒಂದು, "ಆರು ತಿಂಗಳು ಮೊದಲೇ ಬುಕ್ ಮಾಡದಿದ್ದರೆ ಟೆಂಟ್ ಹಾಕಲು ಒಂದಡಿ ಜಾಗವೂ ಸಿಗುವುದಿಲ್ಲ." ಇನ್ನೊಂದು ಅದಕ್ಕೆ ತದ್ವಿರುದ್ಧ, "ಅಲ್ಲಿ ಸರ್ಕಾರಿ ಜಾಗ ಬೇಕಾದಷ್ಟಿದೆ, ಎಲ್ಲಿ ಬೇಕಾದರೂ ಬಿಟ್ಟಿಯಾಗಿ ಮಲಗಬಹುದು."

ಎರಡರಲ್ಲೂ ಅರ್ಧ ಸತ್ಯವಿದೆ. ಮೊದಲನೆಯದನ್ನು ನಂಬಿದವರು ಪ್ರವಾಸವನ್ನೇ ಕೈಬಿಡುತ್ತಾರೆ, ಇಲ್ಲವೇ ದುಬಾರಿ ಹೋಟೆಲ್ ಹಿಡಿಯುತ್ತಾರೆ. ಎರಡನೆಯದನ್ನು ನಂಬಿದವರು ದಂಡ ಕಟ್ಟಬೇಕಾಗಬಹುದು, ಕೆಲವೊಮ್ಮೆ ಪ್ರಾಣಕ್ಕೇ ಕುತ್ತು ಬರಬಹುದು. ಊರಿನಿಂದ ಬಂದ ಅಪ್ಪ ಅಮ್ಮನನ್ನೂ ಚಿಕ್ಕ ಮಕ್ಕಳನ್ನೂ ಕೂರಿಸಿಕೊಂಡು ಹೊರಟವರಿಗಂತೂ ಇದು ಸಣ್ಣ ವಿಷಯವಲ್ಲ.

ಚುಟುಕಾಗಿ ಹೇಳುವುದಾದರೆ, ಬುಕಿಂಗ್ ಇಲ್ಲದೆಯೂ ಜಾಗ ಸಿಗುತ್ತದೆ. ಆದರೆ ಎಲ್ಲಿ ಸಿಗುತ್ತದೆ ಎನ್ನುವುದನ್ನು ತೀರ್ಮಾನಿಸುವುದು ಒಂದೇ ಪ್ರಶ್ನೆ: ಈ ನೆಲ ಯಾರದು?

ಪಶ್ಚಿಮದಲ್ಲಿ ಇಷ್ಟೊಂದು ಸರ್ಕಾರಿ ಜಾಗ ಏಕೆ?

ಅಮೆರಿಕದ ಒಟ್ಟು ನೆಲದಲ್ಲಿ ಸುಮಾರು 28 ಶೇಕಡಾ ಕೇಂದ್ರ ಸರ್ಕಾರದ್ದು. ಆದರೆ ಅದು ಎಲ್ಲ ಕಡೆ ಸಮನಾಗಿ ಹಂಚಿಕೆಯಾಗಿಲ್ಲ. ಪೂರ್ವದ ಕನೆಕ್ಟಿಕಟ್ ರಾಜ್ಯದಲ್ಲಿ ಅದು ಶೇಕಡಾ ಒಂದಕ್ಕಿಂತ ಕಡಿಮೆ. ಪಶ್ಚಿಮದ ನೆವಾಡಾದಲ್ಲಿ ಸುಮಾರು 80 ಶೇಕಡಾ, ಯೂಟಾದಲ್ಲಿ 60 ಶೇಕಡಾಕ್ಕೂ ಹೆಚ್ಚು, ಕ್ಯಾಲಿಫೋರ್ನಿಯಾದಲ್ಲಿ 45 ಶೇಕಡಾದ ಆಸುಪಾಸು.

ಇದಕ್ಕೆ ಕಾರಣ ಇತಿಹಾಸ ಮತ್ತು ಮಳೆ. ಈ ನೆಲ ಮೂಲದಲ್ಲಿ ಅಲ್ಲಿನ ಮೂಲನಿವಾಸಿ ಬುಡಕಟ್ಟುಗಳದ್ದು. ಒಪ್ಪಂದ, ಯುದ್ಧ, ಬಲವಂತದ ಒಕ್ಕಲೆಬ್ಬಿಸುವಿಕೆಗಳ ಮೂಲಕ ಅದು ಸರ್ಕಾರದ ಕೈಸೇರಿತು. 1862ರ ಹೋಮ್‌ಸ್ಟೆಡ್ ಕಾಯ್ದೆಯ ಪ್ರಕಾರ ಐದು ವರ್ಷ ಉಳುಮೆ ಮಾಡಿ ನೆಲೆಸಿದವರಿಗೆ 160 ಎಕರೆ ಕೊಡಲಾಗುತ್ತಿತ್ತು. ಒಳ್ಳೆ ಮಳೆ ಬೀಳುವ ಕಡೆ ಅಷ್ಟು ನೆಲದಲ್ಲಿ ಒಂದು ಸಂಸಾರ ಬದುಕಬಹುದಿತ್ತು. ಪಶ್ಚಿಮದ ಒಣ ಬಯಲಿನಲ್ಲಿ 160 ಎಕರೆ ಹತ್ತಾರು ದನ ಮೇಯಿಸಲೂ ಸಾಲದು. ಹೀಗಾಗಿ ಯಾರೂ ಕೇಳದ ನೆಲ ಸರ್ಕಾರದ ಬಳಿಯೇ ಉಳಿಯಿತು.

ಇಂದು ಆ ನೆಲವನ್ನು ಮುಖ್ಯವಾಗಿ ಮೂರು ಇಲಾಖೆಗಳು ನೋಡಿಕೊಳ್ಳುತ್ತವೆ. ಈ ಮೂರರ ವ್ಯತ್ಯಾಸ ಗೊತ್ತಾದರೆ ಅರ್ಧ ಕೆಲಸ ಮುಗಿದಂತೆ.

ರಾಷ್ಟ್ರೀಯ ಉದ್ಯಾನಗಳ ಇಲಾಖೆ: ಯೊಸೆಮಿಟಿ, ಯೆಲ್ಲೋಸ್ಟೋನ್, ಗ್ರ್ಯಾಂಡ್ ಕ್ಯಾನ್ಯನ್ ಇವರದ್ದು. ಸುಮಾರು 8.5 ಕೋಟಿ ಎಕರೆ, ಅದರಲ್ಲೂ ಅರ್ಧಕ್ಕಿಂತ ಹೆಚ್ಚು ಅಲಾಸ್ಕಾದಲ್ಲಿದೆ. ನಿಯಮ ಅತ್ಯಂತ ಬಿಗಿ.

ಅರಣ್ಯ ಸೇವೆ, ಅಂದರೆ ಫಾರೆಸ್ಟ್ ಸರ್ವಿಸ್: 1905ರಲ್ಲಿ ಶುರುವಾದ ಇಲಾಖೆ. ಸುಮಾರು 19.3 ಕೋಟಿ ಎಕರೆ. ಮರ, ಮೇವು, ನೀರು, ಪ್ರವಾಸ ಎಲ್ಲದಕ್ಕೂ ಇಲ್ಲಿ ಅವಕಾಶವಿದೆ.

ಬ್ಯೂರೋ ಆಫ್ ಲ್ಯಾಂಡ್ ಮ್ಯಾನೇಜ್‌ಮೆಂಟ್, ಅಂದರೆ ಬಿಎಲ್‌ಎಂ: 1946ರಲ್ಲಿ ರಚನೆಯಾದದ್ದು. ಸುಮಾರು 24.5 ಕೋಟಿ ಎಕರೆ, ಅಂದರೆ ಐದು ಕರ್ನಾಟಕದಷ್ಟು ನೆಲ. ಇದರಲ್ಲೂ ಒಂದಷ್ಟು ಪಾಲು ಅಲಾಸ್ಕಾದಲ್ಲಿದೆ. ಹೆಚ್ಚಿನದು ಬಯಲು, ಮರುಭೂಮಿ, ದನ ಮೇಯುವ ಪ್ರದೇಶ.

ಎಲ್ಲರ ಬಾಯಲ್ಲಿರುವುದು ಮೊದಲನೆಯದು. ಜನ ತುಂಬಿ ತುಳುಕುವುದೂ ಅಲ್ಲೇ. ಬುಕಿಂಗ್ ಇಲ್ಲದವರಿಗೆ ಜಾಗ ಇರುವುದು ಹೆಚ್ಚಾಗಿ ಉಳಿದೆರಡರಲ್ಲಿ. ಎಷ್ಟೋ ಉದ್ಯಾನಗಳ ಗಡಿ ದಾಟಿದ ಕೂಡಲೇ ಅರಣ್ಯ ಸೇವೆಯ ಅಥವಾ ಬಿಎಲ್‌ಎಂ ನೆಲ ಶುರುವಾಗುತ್ತದೆ.

ಕರ್ನಾಟಕದಿಂದ ಹೋದವರಿಗೆ ಇದು ವಿಚಿತ್ರ ಅನ್ನಿಸುವುದು ಸಹಜ. ನಮ್ಮ ಮೀಸಲು ಅರಣ್ಯದಲ್ಲಿ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ರಾತ್ರಿ ತಂಗುವಂತಿಲ್ಲ. ಅಲ್ಲಿನ ಬಹುತೇಕ ರಾಷ್ಟ್ರೀಯ ಅರಣ್ಯಗಳಲ್ಲಿ ನಿಷೇಧ ಇಲ್ಲದ ಕಡೆ ತಂಗಬಹುದು. ಎರಡು ದೇಶಗಳಲ್ಲೂ 'ಅರಣ್ಯ' ಎಂಬ ಹೆಸರು ಒಂದೇ, ಕಾನೂನು ಬೇರೆ.

ಉದ್ಯಾನಗಳ ಒಳಗೆ ನಿಜಕ್ಕೂ ಜಾಗ ಸಿಗುವುದಿಲ್ಲವೇ?

ಬೇಸಿಗೆಯಲ್ಲಿ ಬುಕಿಂಗ್ ಇಲ್ಲದೆ ದೊಡ್ಡ ಉದ್ಯಾನದ ಒಳಗೆ ಜಾಗ ಸಿಗುವುದು ಕಷ್ಟ. ಈ ಮಟ್ಟಿಗೆ ಮೊದಲ ಮಾತು ನಿಜ. 2024ರಲ್ಲಿ ಅಮೆರಿಕದ ರಾಷ್ಟ್ರೀಯ ಉದ್ಯಾನ ಇಲಾಖೆಯ ತಾಣಗಳಿಗೆ ಬಂದ ಭೇಟಿಗಳ ಸಂಖ್ಯೆ 33 ಕೋಟಿ ದಾಟಿತ್ತು. ರಿಕ್ರಿಯೇಶನ್ ಡಾಟ್ ಗವ್ ಎಂಬ ಸರ್ಕಾರಿ ಜಾಲತಾಣದಲ್ಲಿ ಹೆಸರಾಂತ ಕ್ಯಾಂಪ್‌ಗ್ರೌಂಡ್‌ಗಳ ಬುಕಿಂಗ್ ತಿಂಗಳುಗಟ್ಟಲೆ ಮೊದಲೇ ತೆರೆಯುತ್ತದೆ, ನಿಮಿಷಗಳಲ್ಲಿ ಮುಗಿಯುತ್ತದೆ. ನಮ್ಮ ತತ್ಕಾಲ್ ಟಿಕೆಟ್ ನೆನಪಿಸಿಕೊಂಡರೆ ಸಾಕು.

ಹಳೆಯ ಸಲಹೆಗಳು ಇಲ್ಲಿ ಕೈಕೊಡುತ್ತವೆ. ವಯೋಮಿಂಗ್‌ನ ಗ್ರ್ಯಾಂಡ್ ಟೀಟನ್ ಉದ್ಯಾನದಲ್ಲಿ "ಬೆಳಿಗ್ಗೆ ಬೇಗ ಹೋದರೆ ಜಾಗ ಸಿಗುತ್ತದೆ" ಎನ್ನುವುದು ದಶಕಗಳ ಕಾಲ ಸರಿಯಾದ ಸಲಹೆಯೇ ಆಗಿತ್ತು. 2021ರಿಂದ ಅಲ್ಲಿನ ಕ್ಯಾಂಪ್‌ಗ್ರೌಂಡ್‌ಗಳು ಮುಂಗಡ ಬುಕಿಂಗ್ ಪದ್ಧತಿಗೆ ಬದಲಾದವು. 2019ರಲ್ಲಿ ಬರೆದ ಸಲಹೆಯನ್ನು ಇಂದು ನಂಬಿ ಹೋದವರು ಗೇಟಿನಿಂದಲೇ ಹಿಂತಿರುಗಬೇಕಾಗುತ್ತದೆ. ಫಾರ್ವರ್ಡ್ ಸಂದೇಶಗಳಲ್ಲಿ ಬರೆದ ದಿನಾಂಕ ಇರುವುದೇ ಅಪರೂಪ.

ಬುಕಿಂಗ್ ಪದ್ಧತಿ ಎಲ್ಲರಿಗೂ ನ್ಯಾಯವೇ ಎಂಬ ಚರ್ಚೆಯೂ ನಡೆದಿದೆ. ಮೊಂಟಾನಾ ವಿಶ್ವವಿದ್ಯಾಲಯದ ಸಂಶೋಧಕರನ್ನು ಒಳಗೊಂಡ ತಂಡ 2022ರಲ್ಲಿ ಪ್ರಕಟಿಸಿದ ಅಧ್ಯಯನವೊಂದು, ಕೆಲವು ಉದ್ಯಾನಗಳಲ್ಲಿ ಬುಕ್ ಮಾಡಿ ಬರುವವರನ್ನೂ ನೇರವಾಗಿ ಬರುವವರನ್ನೂ ಹೋಲಿಸಿತ್ತು. ಬುಕ್ ಮಾಡಿ ಬರುವವರು ಸರಾಸರಿಯಲ್ಲಿ ಹೆಚ್ಚು ಆದಾಯದ ಪ್ರದೇಶಗಳಿಂದ ಬಂದವರು ಎಂದು ಕಂಡುಬಂತು. ಆರು ತಿಂಗಳ ನಂತರದ ರಜೆ ಯಾವಾಗ ಎಂದು ಇಂದೇ ಹೇಳಬಲ್ಲವರು, ಬುಕಿಂಗ್ ತೆರೆಯುವ ಕ್ಷಣದಲ್ಲಿ ಕಂಪ್ಯೂಟರ್ ಮುಂದೆ ಕೂರಬಲ್ಲವರು ಎಲ್ಲರೂ ಆಗಿರುವುದಿಲ್ಲವಲ್ಲ. ಬುಕಿಂಗ್ ಇಲ್ಲದ ಜಾಗಗಳು ಉಳಿಯಬೇಕು ಎನ್ನುವವರ ವಾದವೂ ಇದೇ.

ಹಾಗಂತ ಉದ್ಯಾನದ ಆಸೆ ಪೂರ್ತಿ ಬಿಡಬೇಕಿಲ್ಲ. ಕೊನೆ ಗಳಿಗೆಯಲ್ಲಿ ರದ್ದಾಗುವ ಬುಕಿಂಗ್‌ಗಳು ಮತ್ತೆ ಅದೇ ಜಾಲತಾಣದಲ್ಲಿ ಕಾಣಿಸಿಕೊಳ್ಳುತ್ತವೆ. ಪ್ರವಾಸದ ಹಿಂದಿನ ಕೆಲವು ದಿನ ಆಗಾಗ ನೋಡುತ್ತಿದ್ದರೆ ಒಂದು ರಾತ್ರಿಗೆ ಜಾಗ ಸಿಕ್ಕರೂ ಸಿಗಬಹುದು.

'ಮೊದಲು ಬಂದವರಿಗೆ ಮೊದಲು' ಹೇಗೆ ನಡೆಯುತ್ತದೆ?

ಅರಣ್ಯ ಸೇವೆ ಮತ್ತು ಬಿಎಲ್‌ಎಂನ ಅನೇಕ ಕ್ಯಾಂಪ್‌ಗ್ರೌಂಡ್‌ಗಳಲ್ಲಿ ಇಂದಿಗೂ ಬುಕಿಂಗ್ ಇಲ್ಲ. ಮೇಜು, ಬೆಂಕಿ ಹಾಕಲು ಕಬ್ಬಿಣದ ಬಳೆ, ಶೌಚಾಲಯ ಇರುತ್ತವೆ. ಕುಡಿಯುವ ನೀರು ಕೆಲವು ಕಡೆ ಇರುತ್ತದೆ, ಕೆಲವು ಕಡೆ ಇಲ್ಲ. ಖಾಲಿ ಜಾಗ ಹುಡುಕಿ, ಬಾಗಿಲ ಬಳಿಯ ಲಕೋಟೆಯಲ್ಲಿ ಹಣ ಹಾಕಿ, ವಿವರ ಬರೆದು, ಕಬ್ಬಿಣದ ಡಬ್ಬಿಗೆ ಹಾಕಬೇಕು. ಕಾವಲುಗಾರನ ಬದಲು ನಿಂತಿರುವ ಈ ಡಬ್ಬಿಗೆ ಅಲ್ಲಿನವರು 'ಐರನ್ ರೇಂಜರ್' ಎಂದೇ ಹೆಸರಿಟ್ಟಿದ್ದಾರೆ. ಅದು ಚಿಲ್ಲರೆ ಕೊಡುವುದಿಲ್ಲ. ಸಣ್ಣ ನೋಟುಗಳು ಕೈಯಲ್ಲಿರಲಿ.

ಇಲ್ಲಿ ಅದೃಷ್ಟಕ್ಕಿಂತ ದಿನ ಮತ್ತು ಹೊತ್ತು ಮುಖ್ಯ.

ಶುಕ್ರವಾರ ಸಂಜೆ ಮತ್ತು ಶನಿವಾರ ಅತ್ಯಂತ ಕಷ್ಟ. ಭಾನುವಾರ ಮಧ್ಯಾಹ್ನ ವಾರಾಂತ್ಯದವರು ಮನೆಗೆ ಹೊರಡುತ್ತಾರೆ. ಭಾನುವಾರದಿಂದ ಬುಧವಾರದವರೆಗೆ ಸಲೀಸು.

ಮೇ ಕೊನೆಯ ಸೋಮವಾರದ ಮೆಮೋರಿಯಲ್ ಡೇ, ಜುಲೈ 4, ಸೆಪ್ಟೆಂಬರ್ ಮೊದಲ ಸೋಮವಾರದ ಲೇಬರ್ ಡೇ ಹಬ್ಬಗಳ ವಾರಾಂತ್ಯದಲ್ಲಿ ಬುಕಿಂಗ್ ಇಲ್ಲದೆ ಹೊರಡದಿರುವುದೇ ಜಾಣತನ.

ಹಿಂದಿನವರು ಜಾಗ ಖಾಲಿ ಮಾಡುವುದು ಸಾಮಾನ್ಯವಾಗಿ ಮಧ್ಯಾಹ್ನದೊಳಗೆ. ಬೆಳಿಗ್ಗೆ ಹತ್ತರಿಂದ ಹನ್ನೆರಡರ ನಡುವೆ ತಲುಪಿದವರಿಗೆ ಆಯ್ಕೆ ಹೆಚ್ಚು.

ಹಿಂದೆ ಬರುತ್ತಿರುವ ಸ್ನೇಹಿತರಿಗೆ ಜಾಗ ಹಿಡಿದಿಡಲು ಅನೇಕ ಕಡೆ ಬಿಡುವುದಿಲ್ಲ. ಬಸ್ಸಿನ ಸೀಟಿಗೆ ಟವೆಲ್ ಹಾಕಿದ ಹಾಗೆ ಒಂದು ಕುರ್ಚಿ ಇಟ್ಟು ಹೋದರೆ ನಡೆಯದು. ಅಲ್ಲಿ ನೀವು ಇರಬೇಕು.

ಇನ್ನೊಂದು ತಪ್ಪು ತಿಳಿವಳಿಕೆ ಪಾಸ್ ಬಗ್ಗೆ. ಉದ್ಯಾನಗಳ ವಾರ್ಷಿಕ ಪಾಸ್ ಇದ್ದರೆ ಕ್ಯಾಂಪಿಂಗ್ ಉಚಿತ ಎಂದು ಹಲವರು ತಿಳಿದಿದ್ದಾರೆ. ಪಾಸ್ ಮಾಫಿ ಮಾಡುವುದು ಪ್ರವೇಶ ಶುಲ್ಕವನ್ನು. ರಾತ್ರಿ ತಂಗುವ ಶುಲ್ಕ ಬೇರೆ.

ಬಿಟ್ಟಿ ಕ್ಯಾಂಪಿಂಗ್ ನಿಜವೇ?

ನಿಜ. ಗೊತ್ತುಪಡಿಸಿದ ಕ್ಯಾಂಪ್‌ಗ್ರೌಂಡ್ ಇಲ್ಲದ ಕಡೆ ಬಿಡಾರ ಹೂಡುವುದಕ್ಕೆ 'ಡಿಸ್ಪರ್ಸ್ಡ್ ಕ್ಯಾಂಪಿಂಗ್' ಎನ್ನುತ್ತಾರೆ. ಅರಣ್ಯ ಸೇವೆ ಮತ್ತು ಬಿಎಲ್‌ಎಂನ ಬಹಳಷ್ಟು ನೆಲದಲ್ಲಿ ಇದಕ್ಕೆ ಅವಕಾಶವಿದೆ, ಹೆಚ್ಚಿನ ಕಡೆ ಶುಲ್ಕವೂ ಇಲ್ಲ. ಶೌಚಾಲಯ, ನಲ್ಲಿ, ಕಸದ ತೊಟ್ಟಿ ಯಾವುದೂ ಇರುವುದಿಲ್ಲ. ಜತೆಗೆ ನಿಯಮಗಳಿವೆ:

ಒಂದೇ ಜಾಗದಲ್ಲಿ ಸಾಮಾನ್ಯವಾಗಿ 14 ದಿನಕ್ಕಿಂತ ಹೆಚ್ಚು ಇರುವಂತಿಲ್ಲ.

ಹೊಳೆ, ಕೆರೆಯಿಂದ 200 ಅಡಿ, ಅಂದರೆ ಸುಮಾರು 60 ಮೀಟರ್ ದೂರ ಇರಬೇಕು ಎಂಬುದು ಸಾಮಾನ್ಯ ಸೂತ್ರ.

ಹೊಸದಾಗಿ ನೆಲ ಸವರಿ ಜಾಗ ಮಾಡುವಂತಿಲ್ಲ. ಈಗಾಗಲೇ ಜನ ತಂಗಿ ಗಟ್ಟಿಯಾದ ಜಾಗವನ್ನೇ ಬಳಸಬೇಕು.

ಮಲವನ್ನು 15ರಿಂದ 20 ಸೆಂಟಿಮೀಟರ್ ಆಳದ ಗುಂಡಿಯಲ್ಲಿ ಹೂಳಬೇಕು. ಕೆಲವು ಕಡೆ ಅದನ್ನೂ ಚೀಲದಲ್ಲಿ ವಾಪಸ್ ಒಯ್ಯಬೇಕು. ಕಸವಂತೂ ಪೂರ್ತಿ ನಿಮ್ಮ ಜತೆಗೇ ಬರಬೇಕು.

ಕಾರು ಯಾವ ಮಣ್ಣಿನ ರಸ್ತೆಗೆ ಇಳಿಯಬಹುದು ಎಂಬುದಕ್ಕೂ ಲೆಕ್ಕವಿದೆ. ಅರಣ್ಯ ಸೇವೆ 'ಮೋಟಾರ್ ವೆಹಿಕಲ್ ಯೂಸ್ ಮ್ಯಾಪ್' ಎಂಬ ನಕ್ಷೆಯನ್ನು ಉಚಿತವಾಗಿ ಕೊಡುತ್ತದೆ. ಅದರಲ್ಲಿ ಇಲ್ಲದ ರಸ್ತೆಯಲ್ಲಿ ವಾಹನ ಓಡಿಸುವುದು ಕಾನೂನುಬಾಹಿರ.

ಹಾಗಾದರೆ ಎಲ್ಲಿ ಮಲಗಬಾರದು?

"ಉದ್ಯಾನದ ಪಾರ್ಕಿಂಗ್‌ನಲ್ಲಿ ಕಾರಿನಲ್ಲೇ ಮಲಗಿದರೆ ಅದು ಕ್ಯಾಂಪಿಂಗ್ ಅಲ್ಲ." ತಪ್ಪು. ರಾಷ್ಟ್ರೀಯ ಉದ್ಯಾನಗಳಲ್ಲಿ ಗೊತ್ತುಪಡಿಸಿದ ಜಾಗ ಬಿಟ್ಟು ಕಾರಿನಲ್ಲಿ ರಾತ್ರಿ ಕಳೆಯುವುದನ್ನೂ ಕ್ಯಾಂಪಿಂಗ್ ಎಂದೇ ಪರಿಗಣಿಸುತ್ತಾರೆ. ರೇಂಜರ್ ಬಂದು ಎಬ್ಬಿಸುತ್ತಾರೆ, ದಂಡವೂ ಬೀಳಬಹುದು.

"ವಾಲ್‌ಮಾರ್ಟ್ ಪಾರ್ಕಿಂಗ್‌ನಲ್ಲಿ ಎಲ್ಲ ಕಡೆ ತಂಗಬಹುದು." ಭಾಗಶಃ ನಿಜ. ಅನುಮತಿ ಕೊಡುವುದು ಆಯಾ ಅಂಗಡಿಯ ಮ್ಯಾನೇಜರ್, ಅದೂ ಸ್ಥಳೀಯ ಕಾನೂನು ಒಪ್ಪಿದರೆ. ಒಳಗೆ ಹೋಗಿ ಕೇಳುವುದೇ ದಾರಿ.

"ಹೆದ್ದಾರಿಯ ವಿಶ್ರಾಂತಿ ತಾಣದಲ್ಲಿ ಟೆಂಟ್ ಹಾಕಬಹುದು." ತಪ್ಪು. ನಿಯಮ ರಾಜ್ಯದಿಂದ ರಾಜ್ಯಕ್ಕೆ ಬದಲಾಗುತ್ತದೆ. ಕ್ಯಾಲಿಫೋರ್ನಿಯಾದಲ್ಲಿ 24 ಗಂಟೆಯಲ್ಲಿ 8 ಗಂಟೆಯವರೆಗೆ ಗಾಡಿ ನಿಲ್ಲಿಸಿ ದಣಿವಾರಿಸಿಕೊಳ್ಳಬಹುದು, ಟೆಂಟ್ ಹಾಕುವಂತಿಲ್ಲ. ಆದರೆ ಕಣ್ಣು ಎಳೆಯುತ್ತಿದ್ದರೆ ಗಾಡಿ ಓಡಿಸುವುದಕ್ಕಿಂತ ಅಲ್ಲಿ ನಿಲ್ಲಿಸಿ ಮಲಗುವುದು ಸಾವಿರ ಪಾಲು ಮೇಲು.

"ಬೇಲಿ ಇಲ್ಲದ ಖಾಲಿ ಜಾಗ ಎಂದರೆ ಸರ್ಕಾರದ್ದು." ಅಪಾಯಕಾರಿ ತಪ್ಪು. ನವಾಹೋ ಸೇರಿದಂತೆ ಬುಡಕಟ್ಟು ರಾಷ್ಟ್ರಗಳ ನೆಲದಲ್ಲಿ ಅವರದ್ದೇ ಕಾನೂನು, ಅವರದ್ದೇ ಪರವಾನಗಿ. ನೆವಾಡಾ ಮತ್ತಿತರ ಕಡೆ 19ನೇ ಶತಮಾನದಲ್ಲಿ ರೈಲ್ವೆ ಕಂಪನಿಗಳಿಗೆ ಒಂದು ಬಿಟ್ಟು ಒಂದು ಚದರ ಮೈಲಿಯಂತೆ ನೆಲ ಕೊಟ್ಟಿದ್ದರಿಂದ, ಸರ್ಕಾರಿ ಮತ್ತು ಖಾಸಗಿ ಜಾಗ ಚದುರಂಗದ ಮಣೆಯಂತೆ ಬೆರೆತಿವೆ. ನಮ್ಮಲ್ಲಿ ಗೋಮಾಳ, ಪಟ್ಟಾ ಜಮೀನು, ಅರಣ್ಯ ಒಂದಕ್ಕೊಂದು ಅಂಟಿಕೊಂಡಿರುವ ಹಾಗೆ. ಕಣ್ಣಿಗೆ ವ್ಯತ್ಯಾಸ ಗೊತ್ತಾಗದು, ನಕ್ಷೆಯೇ ಹೇಳಬೇಕು.

ಪ್ರಾಣಕ್ಕೆ ಸಂಬಂಧಿಸಿದ ನಾಲ್ಕು ಸಂಗತಿ

ಬುಕ್ ಮಾಡಿದ ಕ್ಯಾಂಪ್‌ಗ್ರೌಂಡ್‌ನಲ್ಲಿ ಎಚ್ಚರಿಸಲು ಸಿಬ್ಬಂದಿ ಇರುತ್ತಾರೆ. ನೀವೇ ಹುಡುಕಿದ ಜಾಗದಲ್ಲಿ ಆ ಜವಾಬ್ದಾರಿ ನಿಮ್ಮದೇ.

ಬಿಸಿಲು: ಅರಿಜೋನಾದ ಫೀನಿಕ್ಸ್‌ನಲ್ಲಿ 2023ರಲ್ಲಿ ಸತತ 31 ದಿನ ತಾಪಮಾನ 43 ಡಿಗ್ರಿ ದಾಟಿತ್ತು. ಅಂಥ ಕಡೆ ರಾತ್ರಿಯೂ ಟೆಂಟ್ ತಣ್ಣಗಾಗುವುದಿಲ್ಲ. ಪರಿಹಾರ ಇರುವುದು ಎತ್ತರದಲ್ಲಿ. ಸಾವಿರ ಮೀಟರ್ ಏರಿದರೆ ಸರಾಸರಿ 6.5 ಡಿಗ್ರಿ ತಂಪು. ಫೀನಿಕ್ಸ್ ಸುಮಾರು 330 ಮೀಟರ್ ಎತ್ತರದಲ್ಲಿದ್ದರೆ, ಎರಡು ಮೂರು ಗಂಟೆ ದೂರದ ಫ್ಲ್ಯಾಗ್‌ಸ್ಟಾಫ್ 2,100 ಮೀಟರ್ ಎತ್ತರದಲ್ಲಿ, ಪೈನ್ ಕಾಡಿನ ನಡುವೆ ಇದೆ. ಜುಲೈನಲ್ಲೂ ಅಲ್ಲಿ ಹತ್ತು ಡಿಗ್ರಿಗೂ ಹೆಚ್ಚು ತಂಪು. ಬೇಸಿಗೆಯಲ್ಲಿ ಜಾಗ ಹುಡುಕುವಾಗ ದೂರದ ಜತೆಗೆ ಎತ್ತರವನ್ನೂ ನೋಡಿ. ಆದರೆ ತೀರಾ ಎತ್ತರದ ಕಡೆ ಬೇಸಿಗೆ ತಡವಾಗಿ ಬರುತ್ತದೆ. ನಮಗೆ ಏಪ್ರಿಲ್, ಮೇ ಎಂದರೆ ಸುಡು ಬೇಸಿಗೆ. ಯೊಸೆಮಿಟಿಯ 3,000 ಮೀಟರ್ ಎತ್ತರದ ಟಯೋಗಾ ಕಣಿವೆದಾರಿ ಆಗ ಹಿಮದಡಿ ಮುಚ್ಚಿರುವುದೇ ಹೆಚ್ಚು. 2023ರಲ್ಲಿ ಅದು ತೆರೆದದ್ದು ಜುಲೈ 22ಕ್ಕೆ.

ಬೆಂಕಿ: 2013ರಲ್ಲಿ ಯೊಸೆಮಿಟಿ ಪಕ್ಕದ ಕಾಡಿನಲ್ಲಿ ಹೊತ್ತಿಕೊಂಡ ರಿಮ್ ಫೈರ್ ಸುಮಾರು 2.57 ಲಕ್ಷ ಎಕರೆ ಸುಟ್ಟಿತು. ಅನುಮತಿ ಇಲ್ಲದೆ ಹಾಕಿದ ಒಂದು ಒಲೆ ಕೈತಪ್ಪಿದ್ದೇ ಕಾರಣ ಎಂದು ತನಿಖಾಧಿಕಾರಿಗಳು ಹೇಳಿದರು. 2018ರ ಕಾರ್ ಫೈರ್ ಶುರುವಾದದ್ದು ಗಾಳಿ ಹೋದ ಟ್ರೇಲರ್ ಚಕ್ರದ ಲೋಹ ರಸ್ತೆಗೆ ಉಜ್ಜಿ ಸಿಡಿದ ಕಿಡಿಯಿಂದ. ಸಾವಿರಕ್ಕೂ ಹೆಚ್ಚು ಮನೆಗಳು ಬೂದಿಯಾದವು. ಹೀಗಾಗಿ ಬೇಸಿಗೆಯಲ್ಲಿ ಬೆಂಕಿ ನಿಷೇಧ ಸಾಮಾನ್ಯ. ಕ್ಯಾಲಿಫೋರ್ನಿಯಾದಲ್ಲಿ ಕ್ಯಾಂಪ್‌ಗ್ರೌಂಡ್‌ನ ಹೊರಗೆ ಗ್ಯಾಸ್ ಒಲೆ ಹಚ್ಚಲೂ ಉಚಿತ ಪರವಾನಗಿ ಬೇಕು. "ಮಣ್ಣು ಮುಚ್ಚಿದರೆ ಬೆಂಕಿ ಆರುತ್ತದೆ" ಎನ್ನುವುದು ಸುಳ್ಳು. ಮಣ್ಣಿನಡಿ ಕೆಂಡ ಗಂಟೆಗಟ್ಟಲೆ ಉಸಿರಾಡುತ್ತಿರುತ್ತದೆ. ನೀರು ಸುರಿದು, ಕದಡಿ, ಕೈಗೆ ತಣ್ಣಗೆ ತಾಗುವವರೆಗೆ ಬಿಡಬಾರದು. 2021ರ ಆಗಸ್ಟ್ ಕೊನೆಯಲ್ಲಿ ಕಾಳ್ಗಿಚ್ಚಿನ ಕಾರಣ ಕ್ಯಾಲಿಫೋರ್ನಿಯಾದ ಬಹುತೇಕ ಎಲ್ಲ ರಾಷ್ಟ್ರೀಯ ಅರಣ್ಯಗಳನ್ನೂ ಎರಡು ವಾರಕ್ಕೂ ಹೆಚ್ಚು ಕಾಲ ಮುಚ್ಚಲಾಗಿತ್ತು. ನಿನ್ನೆ ತೆರೆದಿದ್ದ ಕಾಡು ಇಂದು ಮುಚ್ಚಿರಬಹುದು.

ನೀರು: ನೈರುತ್ಯ ಅಮೆರಿಕದಲ್ಲಿ ಜುಲೈನಿಂದ ಸೆಪ್ಟೆಂಬರ್‌ವರೆಗೆ ಮಳೆಗಾಲ. ಒಣಗಿದ ಹಳ್ಳದ ಮರಳು ಸಮತಟ್ಟಾಗಿ, ಮೆತ್ತಗೆ, ಟೆಂಟಿಗೆ ಹೇಳಿ ಮಾಡಿಸಿದ ಹಾಗೆ ಕಾಣುತ್ತದೆ. ಅಲ್ಲಿ ಮಲಗಲೇಬಾರದು. 1997ರ ಆಗಸ್ಟ್ 12ರಂದು ಅರಿಜೋನಾದ ಆ್ಯಂಟಲೋಪ್ ಕ್ಯಾನ್ಯನ್‌ನಲ್ಲಿ ದಿಢೀರ್ ಪ್ರವಾಹಕ್ಕೆ 11 ಪ್ರವಾಸಿಗರು ಬಲಿಯಾದರು. ಜೋರು ಮಳೆ ಬಿದ್ದದ್ದು ಅಲ್ಲಲ್ಲ, ಹಲವು ಕಿಲೋಮೀಟರ್ ಮೇಲೆ. ಕುಡಿಯುವ ನೀರಿನ ವಿಷಯದಲ್ಲೂ ಕಣ್ಣನ್ನು ನಂಬಬೇಡಿ. ತಿಳಿಯಾದ ಹೊಳೆಯಲ್ಲೂ ಭೇದಿ ತರುವ ಜಿಯಾರ್ಡಿಯಾ ಪರೋಪಜೀವಿ ಇರಬಹುದು. ನೀರು ಕುದಿ ಬಂದ ಮೇಲೆ ಒಂದು ನಿಮಿಷ ಕುದಿಸಿ, 2,000 ಮೀಟರ್‌ಗಿಂತ ಎತ್ತರದಲ್ಲಿ ಮೂರು ನಿಮಿಷ. ಎತ್ತರದಲ್ಲಿ ಗಾಳಿಯ ಒತ್ತಡ ಕಡಿಮೆಯಾದ್ದರಿಂದ ನೀರು ಕಡಿಮೆ ತಾಪಕ್ಕೇ ಕುದಿಯುತ್ತದೆ, 3,000 ಮೀಟರ್‌ನಲ್ಲಿ ಸುಮಾರು 90 ಡಿಗ್ರಿಗೆ. ಬೇಳೆ ಬೇಯದೆ ಸತಾಯಿಸುವುದೂ ಇದಕ್ಕೇ. ಪುಟ್ಟ ಕುಕ್ಕರ್ ಒಯ್ದರೆ ಗ್ಯಾಸೂ ಉಳಿಯುತ್ತದೆ.

ಕರಡಿ: ಕರಡಿಯ ಮೂಗು ಬಲು ಚುರುಕು. ಮುಚ್ಚಿದ ಉಪ್ಪಿನಕಾಯಿ ಡಬ್ಬಿ, ಚಟ್ನಿಪುಡಿ, ಟೂತ್‌ಪೇಸ್ಟ್, ಸೋಪು ಎಲ್ಲವೂ ಅದಕ್ಕೆ ಊಟದ ವಾಸನೆಯೇ. ಯೊಸೆಮಿಟಿಯಲ್ಲಿ ರಾತ್ರಿ ಇವನ್ನು ಕಾರಿನಲ್ಲೂ ಇಡುವಂತಿಲ್ಲ, ಕಬ್ಬಿಣದ ಪೆಟ್ಟಿಗೆಯಲ್ಲಿಡಬೇಕು. ಯೆಲ್ಲೋಸ್ಟೋನ್‌ನಲ್ಲಿ ಕರಡಿ, ತೋಳಗಳಿಂದ 100 ಗಜ ದೂರ ಇರುವುದು ಕಡ್ಡಾಯ. ಮನುಷ್ಯರ ಊಟದ ರುಚಿ ಹತ್ತಿದ ಕರಡಿಯನ್ನು ಕೊನೆಗೆ ಕೊಲ್ಲಬೇಕಾಗಿ ಬರುವುದೂ ಉಂಟು.

ಹೊರಡುವ ಮುನ್ನ ಇಷ್ಟು ಮಾಡಿ

ಪ್ರತಿ ರಾತ್ರಿಗೂ ಮೂರು ಜಾಗ ಗುರುತಿಸಿಕೊಳ್ಳಿ. ಮೊದಲನೆಯದು ಬುಕಿಂಗ್ ಇಲ್ಲದ ಕ್ಯಾಂಪ್‌ಗ್ರೌಂಡ್, ಎರಡನೆಯದು ಹತ್ತಿರದ ಬಿಎಲ್‌ಎಂ ಅಥವಾ ರಾಷ್ಟ್ರೀಯ ಅರಣ್ಯದ ಜಾಗ, ಮೂರನೆಯದು ಖಾಸಗಿ ಕ್ಯಾಂಪ್ ಅಥವಾ ಅಗ್ಗದ ಮೋಟೆಲ್.

ಸಂಜೆ ನಾಲ್ಕಕ್ಕೆ ಹುಡುಕಾಟ ಮುಗಿಸಿ. ಗೊತ್ತಿಲ್ಲದ ಮಣ್ಣಿನ ರಸ್ತೆಯಲ್ಲಿ ಕತ್ತಲಲ್ಲಿ ಜಾಗ ಹುಡುಕುವುದು ಬೇಡ.

ನಕ್ಷೆಗಳನ್ನು ಫೋನಿನಲ್ಲಿ ಮೊದಲೇ ಇಳಿಸಿಕೊಳ್ಳಿ. ಎಷ್ಟೋ ಕಡೆ ಸಿಗ್ನಲ್ ಇರುವುದಿಲ್ಲ. ಎಲ್ಲಿ ತಂಗುತ್ತೀರಿ ಎಂದು ಮನೆಯವರಿಗೆ ಹೇಳಿರಿ.

ಆ ಪ್ರದೇಶದ ರೇಂಜರ್ ಕಚೇರಿಗೆ ಫೋನ್ ಮಾಡಿ ಮೂರು ಪ್ರಶ್ನೆ ಕೇಳಿ: ಇಂದು ತೆರೆದಿದೆಯೇ? ಬೆಂಕಿ ನಿಷೇಧ ಇದೆಯೇ? ನನ್ನ ಕಾರು ಆ ರಸ್ತೆಯಲ್ಲಿ ಹೋಗುತ್ತದೆಯೇ? ಆ್ಯಪ್‌ಗಳಲ್ಲಿ ಜನ ಬರೆದ ಮಾಹಿತಿ ಉಪಯುಕ್ತವೇ, ಆದರೆ ಅದು ಹೋದ ವರ್ಷದ್ದಾಗಿರಬಹುದು.

"ಇಲ್ಲಿ ಬಿಟ್ಟಿಯಾಗಿ ಟೆಂಟ್ ಹಾಕಬಹುದು" ಎಂಬ ಸಂದೇಶ ನಿಮಗೂ ಬಂದರೆ, ಮುಂದೆ ಕಳಿಸುವ ಮುನ್ನ ಅದರಲ್ಲಿ ಎರಡು ಸಂಗತಿ ಇವೆಯೇ ನೋಡಿ: ಬರೆದ ದಿನಾಂಕ, ಮತ್ತು ಆ ನೆಲ ಯಾವ ಇಲಾಖೆಯದು ಎಂಬ ವಿವರ. ಎರಡೂ ಇಲ್ಲದಿದ್ದರೆ ಕಳಿಸಬೇಡಿ. ಅದನ್ನು ನಂಬಿ ಮಕ್ಕಳೊಂದಿಗೆ ಅಲ್ಲಿಗೆ ಹೋಗುವವರು ನಿಮ್ಮ ನೆಂಟರೋ ಸ್ನೇಹಿತರೋ ಆಗಿರುತ್ತಾರೆ.